58 ಕಂತು ಕಟ್ಟಿದ ಮೇಲೂ ಸಾಲ ಹಾಗೇ ಇದೆ: ಮನೆ ಸಾಲಕ್ಕೆ ಪರಿಹಾರ ಕೊಟ್ಟರೆ ಊರಿನ ವ್ಯಾಪಾರ ಏಳುತ್ತಾ?

ಗಲ್ಲಾಪೆಟ್ಟಿಗೆ (ದಾವಣಗೆರೆ), 14 ಜೂನ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಹೊಟ್ಟೆಗೆ ಹಾಕ್ಕೊಳ್ಳಿ.

ದಾವಣಗೆರೆಯಲ್ಲಿ ನಂದೊಂದು ಪ್ಲೈವುಡ್-ಹಾರ್ಡ್‌ವೇರ್ ಅಂಗಡಿ. 2020ರ ಫೆಬ್ರವರಿಯಲ್ಲಿ ಗೃಹಪ್ರವೇಶ ಮಾಡಿದೆ. ಒಂದು ಖಾಸಗಿ ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 25 ಲಕ್ಷ ಸಾಲ. 8% ಬಡ್ಡಿ, 20 ವರ್ಷ, ತಿಂಗಳಿಗೆ 20,911 ರೂಪಾಯಿ ಕಂತು. ಹಾಲು ಉಕ್ಕಿಸಿ ತಿಂಗಳೊಪ್ಪತ್ತಾಗಿರಲಿಲ್ಲ, ಲಾಕ್‌ಡೌನ್ ಬಂತು. ಆರು ತಿಂಗಳು ಕಂತು ಕಟ್ಟೋದು ಬೇಡ ಅಂದ್ರು, ನಾನೂ ಆಯ್ತು ಅಂದೆ. ಅಡುಗೆಮನೆ ಕಪಾಟಿಗೆ ಬಾಗಿಲು ಹಾಕಿಸೋದು ಬಾಕಿ ಇತ್ತು. ಲಾಕ್‌ಡೌನ್ ಮುಗೀಲಿ ಅಂತ ಪರದೆ ಇಳಿಬಿಟ್ವಿ. ಅದು ಇವತ್ತಿಗೂ ಪರದೇನೇ.

ಮೊನ್ನೆ 6ನೇ ತಾರೀಕು ರಿಸರ್ವ್ ಬ್ಯಾಂಕಿನವರು ರೆಪೊ ದರ (ಬ್ಯಾಂಕುಗಳಿಗೆ ಅವರು ಕೊಡೋ ಸಾಲದ ಬಡ್ಡಿ) 6ರಿಂದ 5.5ಕ್ಕೆ ಇಳಿಸಿದ್ರು ಅಂತ ಟೀವಿಯಲ್ಲಿ ಬಂತಲ್ಲ. ನಂದೂ ಕಮ್ಮಿ ಆಗಿರುತ್ತೆ ಅಂತ ಸ್ಟೇಟ್‌ಮೆಂಟ್ ತೆಗೆಸಿದೆ. ಬಡ್ಡಿ 9.5% ಅಂತಿದೆ. 2020ರ ಸೆಪ್ಟೆಂಬರ್‌ನಿಂದ ಈ ತಿಂಗಳವರೆಗೆ 58 ಕಂತು ಕಟ್ಟಿದೀನಿ, ಒಂದೂ ತಪ್ಪಿಸಿಲ್ಲ. ಒಟ್ಟು 12 ಲಕ್ಷ 12 ಸಾವಿರ ಹೋಗಿದೆ. ಬಾಕಿ ಅಸಲು 24 ಲಕ್ಷ 62 ಸಾವಿರ. ಹನ್ನೆರಡು ಲಕ್ಷ ಸುರಿದಿದ್ದಕ್ಕೆ ಅಸಲು ಇಳಿದಿದ್ದು 38 ಸಾವಿರ! ಇನ್ನೂ 341 ಕಂತು ಅಂತೆ. ನನಗೀಗ 43 ವರ್ಷ. ಕೊನೇ ಕಂತು ಕಟ್ಟೋ ಹೊತ್ತಿಗೆ 71.

ಈಗ ನನ್ನ ಪ್ರಶ್ನೆ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ರೈತರ ಬೆಳೆ ಸಾಲ 2 ಲಕ್ಷದವರೆಗೆ ಮನ್ನಾ ಅಂತ ಬಜೆಟ್‌ನಲ್ಲಿ ಘೋಷಿಸ್ತು. ದೊಡ್ಡ ದೊಡ್ಡ ಕಂಪನಿ ಸಾಲ ರೈಟ್ ಆಫ್ ಆಗುತ್ತೆ. ನಮ್ಮಂಥವರ ಮನೆ ಸಾಲದಲ್ಲಿ ಒಂದೈದು ಲಕ್ಷ ಬಿಟ್ಟುಕೊಟ್ರೆ ಏನಾಗುತ್ತೆ? ಇದು ನನಗೊಬ್ಬನಿಗೇ ಆಗೋ ಲಾಭ ಅಲ್ಲ ಅಂತ ಗಲ್ಲಾ ಮೇಲೆ ಕೂತೋನಿಗೆ ಕಾಣುತ್ತೆ. 2022ರಲ್ಲಿ ಬಡ್ಡಿ ಏರೋಕೆ ಶುರುವಾದ ಮೇಲೆ ಗಿರಾಕಿಗಳ ವರಸೆನೇ ಬದಲಾಯ್ತು. ವಾಟರ್‌ಪ್ರೂಫ್ ಪ್ಲೈ ಕೇಳ್ತಿದ್ದೋರು ಕಮರ್ಷಿಯಲ್ ಪ್ಲೈ ಸಾಕು ಅಂತಾರೆ. ಡಜನ್‌ಗಟ್ಟಲೆ ಕೊಳ್ತಿದ್ದ ಬಾಗಿಲ ಹಿಂಜು ನಾಲ್ಕು ಕೊಡಿ ಅಂತಾರೆ. ಬಡಗಿಗಳು ಬೆಳಗ್ಗೆ ಅಂಗಡಿ ಮುಂದೆ ಚಾ ಕುಡಿದು ಹಾಗೇ ಮನೆಗೆ ಹೋದ ದಿನಗಳಿವೆ. ಕಂತಿಗೆ ಹೋಗೋ ದುಡ್ಡು ಅಂಗಡಿಗೆ ಬರಲ್ಲ, ಅಷ್ಟೇ ಸಂಗತಿ. ತಿಳಿದೋರು ಹೇಳಿ.

ಮಂಡ್ಯದ ಬೆಲ್ಲ, 14 ಜೂನ್

ಅಣ್ಣ, 38 ಸಾವಿರ ಓದಿ ಕಣ್ಣುಜ್ಜಿಕೊಂಡು ಇನ್ನೊಂದ್ ಸಲ ಓದ್ದೆ. ನಮ್ಮೂರ ಮೀಟರ್ ಬಡ್ಡಿಯೋನೂ ನಾಚ್ಕೋಬೇಕು.

ಹಳೇ ಲೆಡ್ಜರ್ (ಕುಂದಾಪುರ), 14 ಜೂನ್

ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಾನಿದ್ದ ಬ್ಯಾಂಕಿನ ಹೆಸರೂ 2020ರ ಏಪ್ರಿಲ್ ಒಂದಕ್ಕೆ ವಿಲೀನದಲ್ಲಿ ಹೋಯಿತು, ಹಾಗಾಗಿ ಯಾರ ಪರವಾಗಿಯೂ ಮಾತಾಡಬೇಕಾದ ಹಂಗಿಲ್ಲ.

ಗಲ್ಲಾಪೆಟ್ಟಿಗೆಯವರೇ, ಮೊದಲು ಎರಡು ಪದ ಬಿಡಿಸಿಕೊಳ್ಳುವ. ರೈಟ್ ಆಫ್ ಅಂದರೆ ಮನ್ನಾ ಅಲ್ಲ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಲಾಭದಿಂದ ಹಣ ಎತ್ತಿಟ್ಟು ಲೆಕ್ಕದ ಪುಸ್ತಕದಿಂದ ಆಚೆ ಇಡುತ್ತದೆ. ಸಾಲಗಾರನ ಮೇಲಿನ ಹಕ್ಕು ಹಾಗೆಯೇ ಇರುತ್ತದೆ, ವಸೂಲಿಯೂ ನಡೆಯುತ್ತದೆ. ಎಷ್ಟು ವಸೂಲಾಗುತ್ತದೆ ಎಂದು ನೀವು ಕೇಳಿದರೆ ನಾನು ಕೆಮ್ಮಬೇಕಾಗುತ್ತದೆ, ಅದು ಬೇರೆ ಮಾತು.

ಎರಡನೆಯದು ಮೊರಟೋರಿಯಂ, ಅಂದರೆ ನಿಮಗೆ ಸಿಕ್ಕ ಆ ಕಂತು ಮುಂದೂಡಿಕೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೆ ಅವಕಾಶ ಕೊಟ್ಟಿತು, ಮೇ 22ಕ್ಕೆ ಅದನ್ನು ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ನಿಮ್ಮ ಅಂಕಿಯನ್ನೇ ತೆಗೆದುಕೊಳ್ಳಿ. 25 ಲಕ್ಷಕ್ಕೆ 8%ರಂತೆ ಆರು ತಿಂಗಳ ಬಡ್ಡಿ ಚಕ್ರಬಡ್ಡಿಯಲ್ಲಿ 1,01,682 ರೂಪಾಯಿ. ಅದು ಅಸಲಿಗೆ ಸೇರಿತು. ನಿಮ್ಮ ಸಾಲ ಹೊಚ್ಚ ಹೊಸದು, ಹೊಸ ಸಾಲದಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ. ಹಾಗಾಗಿ ಬಡ್ಡಿ ದರ ಬದಲಾಗದಿದ್ದರೂ, ಅದೇ ಕಂತು ಕಟ್ಟುತ್ತ ಹೋದರೆ 240ರ ಬದಲು 266 ಕಂತು ಬೇಕು. ಆರು ಕಂತು ತಪ್ಪಿಸಿದ್ದಕ್ಕೆ ಇಪ್ಪತ್ತಾರು ಕಂತು ಹೆಚ್ಚು. ನಾನು ಶಾಖೆಯಲ್ಲಿದ್ದಾಗ ಎಷ್ಟು ಜನರಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದ್ದೇನೋ. "ಸರ್ಕಾರದವರೇ ಹೇಳಿದ್ದಾರಲ್ಲ ಸಾರ್" ಎನ್ನುತ್ತಿದ್ದರು.

ಆಮೇಲೆ ಕೇಂದ್ರ ಸರ್ಕಾರ 2 ಕೋಟಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನು ಭರಿಸುತ್ತೇನೆಂದು ಅಕ್ಟೋಬರ್‌ನಲ್ಲಿ ಹೇಳಿತು. ನಿಮ್ಮ ಖಾತೆಗೆ ಆ ದೀಪಾವಳಿ ಹೊತ್ತಿಗೆ ಒಂದು ಸಣ್ಣ ಮೊತ್ತ ಬಂದಿರಬೇಕು, ನೋಡಿ.

ಗಲ್ಲಾಪೆಟ್ಟಿಗೆ, 14 ಜೂನ್

ನೋಡಿದೆ ಸರ್. 1,682 ರೂಪಾಯಿ. ನವೆಂಬರ್ 2020. ಅವತ್ತು ಯಾವುದೋ ಕ್ಯಾಶ್‌ಬ್ಯಾಕ್ ಅಂದ್ಕೊಂಡಿದ್ದೆ.

ಪಿಂಚಣಿ ಟೀಚರ್ (ಶಿವಮೊಗ್ಗ), 15 ಜೂನ್

ನನ್ನ ಮಗ ಒಂದು ಕಂತೂ ನಿಲ್ಲಿಸಿರಲಿಲ್ಲ, ಅವನಿಗೂ ಸಾವಿರ ಚಿಲ್ಲರೆ ಬಂದಿತ್ತು. ಕಟ್ಟಿದವರಿಗೂ ಕೊಟ್ಟರು, ಅದೊಂದು ಒಳ್ಳೆಯದಾಯಿತು.

ಆದರೆ ಐದು ಲಕ್ಷ ಬಿಟ್ಟುಕೊಡಿ ಅನ್ನುತ್ತೀರಲ್ಲ, ಆ ಐದು ಲಕ್ಷ ಯಾರದ್ದು? ನಿವೃತ್ತಿಯಾದಾಗ ಬಂದದ್ದನ್ನೆಲ್ಲ ನಾನು ಠೇವಣಿ ಇಟ್ಟವಳು. 2020-21ರಲ್ಲಿ ಠೇವಣಿ ನವೀಕರಣಕ್ಕೆ ಹೋದರೆ ಕೌಂಟರಿನ ಹುಡುಗಿ "ಮೇಡಂ, ಈಗ ಐದೂವರೆ ಆಸುಪಾಸು" ಅಂದಳು. ಹಿಂದೆ ಎಂಟಕ್ಕೂ ಮೇಲೆ ಬರುತ್ತಿತ್ತು. ಮಾತ್ರೆ ಖರ್ಚು ಮಾತ್ರ ಯಾವ ರೆಪೊ ದರದ ಜೊತೆಗೂ ಇಳಿಯಲಿಲ್ಲ. ನಿಮ್ಮ ಕಂತಿನ ಬಡ್ಡಿಯೇ ನಮ್ಮ ಸಂಬಳ ಕಣಪ್ಪ. ನಿಮ್ಮದನ್ನು ಮನ್ನಾ ಮಾಡಿದರೆ ನಾನು ಅಂಗಡಿಗೆ ಬರುವುದನ್ನು ನಿಲ್ಲಿಸುತ್ತೇನೆ, ಲೆಕ್ಕ ಸರಿಹೋಯಿತಲ್ಲ.

ಹಳೇ ಲೆಡ್ಜರ್, 15 ಜೂನ್

ಟೀಚರಮ್ಮ ಹೇಳಿದ್ದನ್ನೇ ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರ ತೀರ್ಪಿನಲ್ಲಿ ಹೇಳಿತು. ಆರು ತಿಂಗಳ ಬಡ್ಡಿ ಪೂರ್ತಿ ಮನ್ನಾ ಮಾಡಿ ಎಂಬ ಕೋರಿಕೆಯನ್ನು ಒಪ್ಪಲಿಲ್ಲ. ಬ್ಯಾಂಕುಗಳು ಠೇವಣಿದಾರರಿಗೆ, ಪಿಂಚಣಿದಾರರಿಗೆ ಬಡ್ಡಿ ಕೊಡಬೇಕಲ್ಲ ಎಂದಿತು. ಬಡ್ಡಿಯ ಮೇಲಿನ ಬಡ್ಡಿ ಮಾತ್ರ ಯಾರಿಂದಲೂ ವಸೂಲಿ ಮಾಡಬಾರದು, ಸಾಲ ಎಷ್ಟೇ ದೊಡ್ಡದಿರಲಿ ಎಂದು ಆದೇಶಿಸಿತು.

ಮೀಸಾದ ಹಾಸನದವ (ಅರಿಜೋನಾ), 15 ಜೂನ್

ನಾನು ಹಾಸನದವನು, ಇಪ್ಪತ್ತೊಂದು ವರ್ಷದಿಂದ ಫೀನಿಕ್ಸ್ ಪಕ್ಕದ ಮೀಸಾದಲ್ಲಿದ್ದೇನೆ. ಈ ವಿಷಯದಲ್ಲಿ ನಮ್ಮೂರು (ಇದೂ ನಮ್ಮೂರೇ ಆಗಿಬಿಟ್ಟಿದೆ) ಒಂದು ಪಾಠಶಾಲೆ. ಒಬಾಮ ತಮ್ಮ ಮನೆ ಸಾಲ ಪರಿಹಾರದ ಯೋಜನೆ ಘೋಷಿಸಿದ್ದು ಇಲ್ಲೇ, 2009ರ ಫೆಬ್ರವರಿ 18ರಂದು, ಡಾಬ್ಸನ್ ಹೈಸ್ಕೂಲಿನಲ್ಲಿ.

ನಾನು 2006ರಲ್ಲಿ 2 ಲಕ್ಷ 80 ಸಾವಿರ ಡಾಲರಿಗೆ ಕೊಂಡ ಮನೆ 2010ಕ್ಕೆ 1 ಲಕ್ಷ 20 ಸಾವಿರಕ್ಕೂ ಹೋಗುತ್ತಿರಲಿಲ್ಲ. ಸಾಲ 2 ಲಕ್ಷ 60 ಸಾವಿರ ಇತ್ತು. ಮನೆ ಮಾರಿದರೂ ಸಾಲ ತೀರದ ಈ ಸ್ಥಿತಿಯನ್ನು ಇಲ್ಲಿ "ನೀರಿನಡಿ" ಇದ್ದೀವಿ ಅನ್ನುತ್ತಾರೆ. ಮರುಭೂಮಿಯಲ್ಲಿ ಕೂತು ಊರಿಗೂರೇ ನೀರಿನಡಿ.

ಎದುರು ಮನೆಯವರು ಒಂದು ದಿನ ಟ್ರಕ್ ತಂದು ಸಾಮಾನು ತುಂಬಿಕೊಂಡು ಹೋಗಿಬಿಟ್ಟರು. ಅರಿಜೋನಾದಲ್ಲಿ ಸಾಧಾರಣ ವಾಸದ ಮನೆಗೆ ತೆಗೆದ ಸಾಲವಾದರೆ, ಬ್ಯಾಂಕ್ ಮನೆ ಹರಾಜು ಹಾಕಿದ ಮೇಲೆ ಉಳಿದ ಬಾಕಿಗೆ ಸಾಮಾನ್ಯವಾಗಿ ನಿಮ್ಮ ಬೆನ್ನು ಹತ್ತುವ ಹಾಗಿಲ್ಲ. ಹಾಗಾಗಿ ಕೀಲಿಯನ್ನು ಅಂಚೆಯಲ್ಲಿ ಬ್ಯಾಂಕಿಗೆ ಕಳಿಸಿ ಹೊರಟವರು ಬಹಳ. ಎರಡು ತಿಂಗಳಲ್ಲಿ ಆ ಮನೆಯ ಈಜುಕೊಳ ಹಸಿರಾಯಿತು, ಬೀದಿಗೆಲ್ಲ ಸೊಳ್ಳೆ. ಆಮೇಲೆ ಹುಲ್ಲು ಕತ್ತರಿಸುವ ಮೆಕ್ಸಿಕನ್ ಹುಡುಗರು ಬರೋದು ನಿಂತಿತು, ಬೀದಿಯಲ್ಲಿ ಹತ್ತು ಮನೆ ಮಾಡುತ್ತಿದ್ದವರಿಗೆ ಮೂರು ಉಳಿದರೆ ಯಾಕೆ ಬಂದಾರು? ಮೂಲೆಯ ಹೋಟೆಲು ಮುಚ್ಚಿತು, ಪಕ್ಕದ ಟೈಲ್ಸ್ ಅಂಗಡಿ ಮುಚ್ಚಿತು. ಗಲ್ಲಾಪೆಟ್ಟಿಗೆಯವರೇ, ನಿಮ್ಮ ಬಡಗಿಗಳ ಕತೆ ಓದುವಾಗ ನನಗೆ ಅದೇ ನೆನಪಾಯಿತು.

ಒಬಾಮ ಯೋಜನೆಯಲ್ಲಿ ಕಂತು ನಿಮ್ಮ ಆದಾಯದ 31% ಮೀರದ ಹಾಗೆ ಇಳಿಸಬೇಕು. ಮೊದಲು ಬಡ್ಡಿಯನ್ನು ಬೇಕಾದರೆ 2%ವರೆಗೂ ಇಳಿಸುವುದು, ಸಾಲದಿದ್ದರೆ ಅವಧಿ 40 ವರ್ಷಕ್ಕೆ ಎಳೆಯುವುದು. ಗುರಿ 30ರಿಂದ 40 ಲಕ್ಷ ಕುಟುಂಬ. ಕೊನೆಗೆ ಪಕ್ಕಾ ಪರಿಹಾರ ಸಿಕ್ಕಿದ್ದು ಅದರ ಅರ್ಧದ ಆಸುಪಾಸು. ಯಾಕೆ ಅಂದರೆ ಕಾಗದ! ನಾನು ಅದೇ ಸಂಬಳದ ಚೀಟಿಯನ್ನು ನಾಲ್ಕು ಸಲ ಫ್ಯಾಕ್ಸ್ ಮಾಡಿದೆ. ಪ್ರತಿ ಸಲ ಫೋನೆತ್ತಿದವರು ಬೇರೆ, ಪ್ರತಿ ಸಲ "ನಿಮ್ಮ ಅರ್ಜಿ ಅಪೂರ್ಣ". ಏಳು ತಿಂಗಳ ಮೇಲೆ ಕಂತು 1,900 ಡಾಲರಿನಿಂದ 1,340ಕ್ಕೆ ಇಳಿಯಿತು. ಅಸಲಿನಲ್ಲಿ ಒಂದು ಡಾಲರ್ ಬಿಡಲಿಲ್ಲ. ಆದರೂ ನಾನು ಮನೆಯಲ್ಲಿ ಉಳಿದೆ.

ಇನ್ನು ಟೀಚರಮ್ಮನ ಸಿಟ್ಟು ಇಲ್ಲೂ ಇತ್ತು. ಒಬಾಮ ಭಾಷಣದ ಮಾರನೇ ದಿನವೇ ರಿಕ್ ಸ್ಯಾಂಟೆಲ್ಲಿ ಅನ್ನೋ ಟೀವಿಯವನು ಷಿಕಾಗೋ ಮಾರುಕಟ್ಟೆಯಲ್ಲಿ ನಿಂತು, ಪಕ್ಕದ ಮನೆಯವನ ಸಾಲ ನಿಮ್ಮಲ್ಲಿ ಯಾರು ಕಟ್ಟುತ್ತೀರಿ ಅಂತ ಕೂಗಿದ. ಸುತ್ತ ಇದ್ದವರು ಹೋ ಅಂದರು. ಸರ್ಕಾರದ ಖರ್ಚು, ತೆರಿಗೆ ವಿರೋಧಿಸಿದ ಟೀ ಪಾರ್ಟಿ ಚಳವಳಿಗೆ ಕಿಡಿ ಹೊತ್ತಿದ್ದು ಅಲ್ಲಿ ಅಂತ ಹೇಳುತ್ತಾರೆ.

ಮಂಡ್ಯದ ಬೆಲ್ಲ, 15 ಜೂನ್

ಕೀಲಿ ಪೋಸ್ಟ್ ಮಾಡಿ ಹೋಗೋದಾ? ನಮ್ಮಲ್ಲಿ ಹಂಗ್ ಮಾಡುದ್ರೆ ಬ್ಯಾಂಕ್ನೋರು ಅತ್ತೆ ಮನೆಗೂ ಬರ್ತಾರೆ.

ಹಳೇ ಲೆಡ್ಜರ್, 15 ಜೂನ್

ಬರುತ್ತಾರೆ, ಖಂಡಿತ. ಇದು ಹುಡುಗಾಟದ ಮಾತಲ್ಲ. ನಮ್ಮಲ್ಲಿ ಮನೆ ಹರಾಜಾಗಿ ಸಾಲ ಪೂರ್ತಿ ತೀರದಿದ್ದರೆ ಉಳಿದ ಬಾಕಿಗೂ ಸಾಲಗಾರನೇ ಹೊಣೆ, ಜಾಮೀನು ಹಾಕಿದವರಿದ್ದರೆ ಅವರೂ ಹೊಣೆ. ಮೂರು ತಿಂಗಳು ಸುಸ್ತಿಯಾದರೆ ಖಾತೆ ಕೆಡುತ್ತದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು ಕೊಟ್ಟು, ಕಟ್ಟದಿದ್ದರೆ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಜೊತೆಗೆ 30 ಲಕ್ಷ ದಾಟಿದ ಸಾಲಕ್ಕೆ ಮನೆ ಬೆಲೆಯ 80%, 75 ಲಕ್ಷ ದಾಟಿದರೆ 75% ಮಾತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಹಾಸನದವರು ಹೇಳಿದಂತೆ ಊರಿಗೂರೇ ಮುಳುಗುವುದು ಇಲ್ಲಿ ಕಾಣಲಿಲ್ಲ. ನಮ್ಮ ಜನ ಕಂತನ್ನು ಬಿಡುವುದಿಲ್ಲ, ಬೇರೆ ಎಲ್ಲ ಬಿಡುತ್ತಾರೆ. ಮೊದಲು ಪ್ರವಾಸ, ಆಮೇಲೆ ಬಂಗಾರ, ಆಮೇಲೆ ಟ್ಯೂಷನ್.

ಧಾರವಾಡದ ಮಳಿ, 16 ಜೂನ್

ನಾ ಅರ್ಥಶಾಸ್ತ್ರ ಕಲಸ್ತೀನ್ರಿ, ಅದಕ್ಕ ಸ್ವಲ್ಪ ಪಾಠ ಹೊಡದಂಗ ಕೇಳಿಸಿದ್ರ ಕ್ಷಮಾ ಮಾಡ್ರಿ.

ಹಾಸನದವರಿಗೆ ಆಗಿದ್ದು ಕಂತು ಇಳದದ್ದು, ಅಸಲು ಹಂಗೇ ಉಳದದ್ದು. ಅದರ ಮ್ಯಾಲೆ ಪೀಟರ್ ಗ್ಯಾನಾಂಗ್, ಪ್ಯಾಸ್ಕಲ್ ನೋಯೆಲ್ ಅನ್ನೋ ಇಬ್ಬರು ಅಮೆರಿಕದಾಗ ಭಾಳ ಚೊಲೋ ಅಧ್ಯಯನ ಮಾಡ್ಯಾರ. ಎರಡು ಗುಂಪಿನ ಸಾಲಗಾರರನ್ನ ಹೋಲಿಸಿದ್ರು. ಇಬ್ಬರಿಗೂ ಕಂತು ಇಳದಿತ್ತು, ಒಂದು ಗುಂಪಿಗೆ ಮಾತ್ರ ಅಸಲಿನಾಗೂ ಅರವತ್ತು-ಎಪ್ಪತ್ತು ಸಾವಿರ ಡಾಲರ್ ಹೆಚ್ಚಿಗಿ ಬಿಟ್ಟಿದ್ರು. ಅಸಲು ಬಿಟ್ಟವರು ಹೆಚ್ಚು ಖರ್ಚು ಮಾಡಿದ್ರೇನು? ಇಲ್ಲ. ಸುಸ್ತಿ ಕಮ್ಮಿ ಆತೇನು? ಅದೂ ಇಲ್ಲ. ಯಾಕಂದ್ರ ಅಷ್ಟು ಬಿಟ್ಟ ಮ್ಯಾಲೂ ಅವರ ಮನಿ ಬೆಲೆ ಸಾಲಕ್ಕಿಂತ ಕೆಳಗ ಇತ್ತು. ಆ ರೊಕ್ಕ ಕಾಗದದ ಮ್ಯಾಲಿನ ರೊಕ್ಕ, ಕಿಸೆಕ್ಕ ಬರಲಿಲ್ಲ. ಅವಧಿ ಎಳದು ಕಂತು ಇಳಿಸಿದವರೊಳಗ ಮಾತ್ರ ಸುಸ್ತಿ ಗಣನೀಯವಾಗಿ ಇಳೀತು.

ಅಂದ್ರ ಗಲ್ಲಾಪೆಟ್ಟಿಗಿ ಸಾಹೇಬ್ರ, ನಿಮ್ಮ ಐದು ಲಕ್ಷ ಮನ್ನಾ ಅನ್ನೋದು ಭಾಳ ತುಟ್ಟಿ ಔಷಧ. ನಿಮ್ಮ ಅಂಗಡಿಗೆ ಗಿರಾಕಿ ಬರಬೇಕಂದ್ರ ಅವರ ಕಂತು ಈ ತಿಂಗಳ ಇಳೀಬೇಕು. ಇಪ್ಪತ್ತು ವರ್ಷದ ಮ್ಯಾಲ ಮುಗಿಯೋ ಸಾಲ ಹದಿನೈದಕ್ಕ ಮುಗಿದ್ರ ಇವತ್ತಿನ ಹಿಂಜು ಮಾರಾಟ ಆಗೂದಿಲ್ಲ.

ಹಳೇ ಉದಾಹರಣೆನೂ ಐತಿ. 1933ರಾಗ ಅಮೆರಿಕದ ರೂಸ್‌ವೆಲ್ಟ್ ಸರ್ಕಾರ ಮನಿ ಮಾಲೀಕರ ಸಾಲದ್ದು ಅಂತ ಒಂದು ನಿಗಮ ಮಾಡಿತು. ಬ್ಯಾಂಕುಗಳಿಗೆ ಬಾಂಡ್ ಕೊಟ್ಟು ಕೆಟ್ಟ ಸಾಲ ತಾನೇ ಕೊಂಡು, ಮಂದಿಗೆ 15 ವರ್ಷದ ಹಗುರ ಕಂತು ಮಾಡಿ ಕೊಟ್ಟಿತು. ಮೂರು ವರ್ಷದಾಗ ಸುಮಾರು 10 ಲಕ್ಷ ಸಾಲ. ಹಿಂಗ ಮಾಡಿದ್ರೂ ಐದರಾಗ ಒಂದು ಮನಿ ಕೈಬಿಟ್ಟು ಹೋತು. ಖರೆ, 1951ರಾಗ ಲೆಕ್ಕ ಮುಗಿಸುವಾಗ ನಿಗಮಕ್ಕ ಸ್ವಲ್ಪ ಲಾಭನೇ ಉಳದಿತ್ತು. ತೆರಿಗಿದಾರನ ತಲಿ ಮ್ಯಾಲೆ ಬೀಳಲಿಲ್ಲ. (ಅದೇ ನಿಗಮ ಕರಿಯರ ಓಣಿಗಳನ್ನ ಕೆಂಪು ಬಣ್ಣದಾಗ ಬಳದು ಸಾಲಕ್ಕ ಅಪಾಯ ಅಂತ ನಕ್ಷೆ ಮಾಡಿತ್ತು. ಹೊಗಳುವಾಗ ಅದನ್ನ ಮರೀಬಾರದು.)

ಹದಿನೇಳನೇ ಮಹಡಿ (ಬೆಂಗಳೂರು), 16 ಜೂನ್

ನಿಮಗೆಲ್ಲ ಕನಿಷ್ಠ ಮನೆ ಇದೆ. ನಾನು ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಹದಿನೇಳನೇ ಮಹಡಿ ಬುಕ್ ಮಾಡಿದೆ. ಕಟ್ಟಡ ಹನ್ನೊಂದಕ್ಕೇ ನಿಂತು ಐದು ವರ್ಷ ಆಯಿತು. ಬ್ಯಾಂಕ್ ಬಿಲ್ಡರಿಗೆ ಬಿಡುಗಡೆ ಮಾಡಿದ ಹಣಕ್ಕೆ ನಾನು ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದ್ದೇನೆ, ಮೇಲೆ ಬಾಡಿಗೆ 26 ಸಾವಿರ. ಸೈಟಿಗೆ ಹೋದರೆ ಸರಳುಗಳು ತುಕ್ಕು ಹಿಡಿದು ಆಕಾಶ ನೋಡುತ್ತಿವೆ, ನನ್ನ ಮನೆ ಇರಬೇಕಾದ ಜಾಗದಲ್ಲಿ ಹದ್ದು ಹಾರುತ್ತಿರುತ್ತೆ. ನನಗೆ ಬಡ್ಡಿ ರಿಯಾಯಿತಿ ಬೇಡ, ಕಟ್ಟಡ ಮುಗಿಸಿಕೊಡಿ. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅರ್ಧಕ್ಕೆ ನಿಂತ ವಸತಿ ಯೋಜನೆಗಳಿಗೆ ಅಂತ 25,000 ಕೋಟಿಯ ಸ್ವಾಮಿಹ್ ನಿಧಿ ಘೋಷಿಸಿತು. ಕೆಲವು ಯೋಜನೆಗಳು ಅದರಿಂದ ಮುಗಿದವು, ಕೀಲಿ ಕೊಟ್ಟರು. ನಮ್ಮದು ಆ ಪಟ್ಟಿಗೆ ಬರಲಿಲ್ಲ. ಮುಗಿದಿದ್ದರೆ ನಾನೂ ಪ್ಲೈವುಡ್ ಕೊಳ್ಳುತ್ತಿದ್ದೆ ಸರ್, ವಾಟರ್‌ಪ್ರೂಫೇ.

ಪಿಂಚಣಿ ಟೀಚರ್, 16 ಜೂನ್

ಹದಿನೇಳನೇ ಮಹಡಿಯವರೇ, ಅದು ಅನ್ಯಾಯ. ನಿಮ್ಮದಕ್ಕೆ ನನ್ನ ತೆರಿಗೆ ಹೋದರೂ ನಾನು ಗೊಣಗುವುದಿಲ್ಲ.

ಮಂಡ್ಯದ ಬೆಲ್ಲ, 16 ಜೂನ್

ಮನ್ನಾ ಅಂದ್ರೆ ಏನು ಅಂತ ಮನ್ನಾ ಆದೋರ್ನ ಕೇಳಿ. 2018ರಲ್ಲಿ ನಮ್ಮಪ್ಪಂದು ಸೊಸೈಟಿ ಸಾಲ ಮನ್ನಾ ಪಟ್ಟೀಲಿತ್ತು. ಆಧಾರು, ರೇಷನ್ ಕಾರ್ಡು, ಪಹಣಿ ಅಂತ ಮೂರು ಸಲ ತಿರುಗ್ದೋ. ಸಾಲ ತೀರ್ತು, ಸುಳ್ಳೇಳ್ಬಾರ್ದು. ಆದ್ರೆ ದುಡ್ಡು ಪೂರ್ತಿ ಬರೋಗಂಟ ಹೊಸ ಸಾಲ ಕೊಡಾಕಾಗಲ್ಲ ಅಂದ್ಬುಟ್ರು. ಆ ವರ್ಷ ಕಬ್ಬಿನ ಗೊಬ್ಬರಕ್ಕೆ ಅಪ್ಪ ಕೈಸಾಲ ತಂದ್ರು, ನೂರಕ್ಕೆ ಮೂರು ರೂಪಾಯಿ ತಿಂಗ್ಳಿಗೆ. ತಾತ ಹೇಳೋರು, ದೇವರಾಜ ಅರಸು ಋಣ ಪರಿಹಾರ ಕಾನೂನು ತಂದ ಕಾಲ್ದಲ್ಲಿ, 76ರಲ್ಲಿ, ಅಡ ಇಟ್ಟಿದ್ದ ಕಡಗ ವಾಪಸ್ ಬಂತು ಅಂತ ಊರಲ್ಲಿ ಹಬ್ಬ ಮಾಡುದ್ರಂತೆ. ಮುಂದಿನ ಮುಂಗಾರಿಗೆ ಸಾಹುಕಾರ ಬಾಗಿಲೇ ತೆಗೀಲಿಲ್ಲವಂತೆ. ಆದ್ರೂ ಕಡಗ ಬಂದಿದ್ದು ಬಂದಿದ್ದೇ, ಅಜ್ಜಿ ಸಾಯೋಗಂಟ ಕೈಲಿತ್ತು.

ಧಾರವಾಡದ ಮಳಿ, 17 ಜೂನ್

ಸರ್ಕಾರ ಮನಿ ಸಾಲದ ಅಸಲನ್ನೇ ಕಡಿದ ದೇಶನೂ ಒಂದೈತ್ರಿ, ಐಸ್‌ಲ್ಯಾಂಡ್. ಅಲ್ಲಿ ಮನಿ ಸಾಲದ ಅಸಲು ಹಣದುಬ್ಬರದ ಜೋಡಿ ತಾನೇ ಬೆಳೀತದ. 2008ರ ಅಕ್ಟೋಬರ್‌ದಾಗ ಅಲ್ಲಿಯ ಮೂರು ದೊಡ್ಡ ಬ್ಯಾಂಕು ಒಂದೇ ವಾರದಾಗ ಬಿದ್ದವು, ಅಲ್ಲಿಯ ರೊಕ್ಕ ಕ್ರೋನಾದ ಬೆಲೆ ಕುಸೀತು, ತುಟ್ಟಿ ಏರಿತು, ಕಂತು ಕಟ್ಟಿದ್ರೂ ಸಾಲ ಬೆಳ್ಯಾಕ ಹತ್ತಿತು. 2013ರ ಚುನಾವಣೆಯೊಳಗ ಸಾಲ ತಿದ್ದಿ ಕೊಡ್ತೀವಿ ಅಂದ ಪಕ್ಷ ಗೆದ್ದು, 80 ಬಿಲಿಯನ್ ಕ್ರೋನಾ ಮನ್ನಾ ಘೋಷಿಸಿತು, ಒಂದು ಮನಿತನಕ್ಕ ಹೆಚ್ಚಂದ್ರ 40 ಲಕ್ಷ ಕ್ರೋನಾ. ರೊಕ್ಕ ತಂದದ್ದು ಬ್ಯಾಂಕುಗಳ ಮ್ಯಾಲೆ, ದಿವಾಳಿ ಎದ್ದ ಬ್ಯಾಂಕುಗಳ ಮ್ಯಾಲೂ ಸೇರಿ, ತೆರಿಗಿ ಹಾಕಿ. ಬೈದವರೂ ಇದ್ದರು. ಸಾಲ ದೊಡ್ಡದಿದ್ದವರಿಗೆ, ಅಂದ್ರ ಅನುಕೂಲಸ್ಥರಿಗೂ ಹೋತು, ಬಾಡಿಗಿ ಮನ್ಯಾಗ ಇದ್ದವರಿಗೆ ಏನೂ ಇಲ್ಲ ಅಂತ. ಅಲ್ಲಿ ಮಂದಿನೇ ಮೂರು ಲಕ್ಷ ಚಿಲ್ಲರೆ, ದಾವಣಗೆರಿ ಊರಿಗಿಂತ ಕಮ್ಮಿ. ಅದು ಇಲ್ಲಿ ನಡೀತದ ಅಂತ ನಾ ಹೇಳಂಗಿಲ್ಲ.

ಮೀಸಾದ ಹಾಸನದವ, 17 ಜೂನ್

ಬಾಡಿಗೆಯವರ ಮಾತು ಬಂದದ್ದು ಒಳ್ಳೆಯದಾಯಿತು. ಎದುರು ಮನೆ 2011ರಲ್ಲಿ ಹರಾಜಿನಲ್ಲಿ ಯಾವುದೋ ಹೂಡಿಕೆ ಕಂಪನಿ ಪಾಲಾಯಿತು. ಈಗ ಅಲ್ಲಿರುವ ಕುಟುಂಬ ಬಾಡಿಗೆಗೆ ಕೊಡುವ ಹಣ ನನ್ನ ಕಂತಿಗಿಂತ ಜಾಸ್ತಿ. ಆಗ ಬಿಟ್ಟು ಹೋದವರಿಗೆ ಆ 560 ಡಾಲರ್ ರಿಯಾಯಿತಿ ಸಿಕ್ಕಿದ್ದರೆ ಇರುತ್ತಿದ್ದರೇನೋ. ಆ ಮನೆಯ ಹುಡುಗ ನನ್ನ ಮಗಳ ಕ್ಲಾಸ್‌ಮೇಟ್.

ಹಳೇ ಲೆಡ್ಜರ್, 17 ಜೂನ್

ದೇಶ ದೇಶ ಸುತ್ತಿ ಆಯಿತು, ಈಗ ದಾವಣಗೆರೆಯ ಸ್ಟೇಟ್‌ಮೆಂಟಿಗೆ ಬರುವ. ಅಲ್ಲಿ ಆಗಿರುವುದು ಬರೀ ಮೊರಟೋರಿಯಂನ ಕೆಲಸವಲ್ಲ.

2020ರ ಮೇಯಿಂದ 2022ರ ಮೇವರೆಗೆ ರೆಪೊ 4% ಇತ್ತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಹೊಸ ಫ್ಲೋಟಿಂಗ್ (ಬಡ್ಡಿ ದರ ಏರಿಳಿಯುವ) ಮನೆ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾದ್ದರಿಂದ ಅವರ ಬಡ್ಡಿ ತಾನಾಗಿ ಇಳಿಯಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ನಿಯಮ ಇಲ್ಲ, ಅವರದ್ದು ಅವರದೇ ದರಪಟ್ಟಿ. ನಿಮ್ಮದು ಇಳಿಯಲಿಲ್ಲ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ 6.5ಕ್ಕೆ ಏರಿತು, ಆಗ ಮಾತ್ರ ನಿಮ್ಮದೂ ಏರಿತು. ಇಳಿಯುವಾಗ ಆಮೆ, ಏರುವಾಗ ಮೊಲ. ಕಂತು ಹಾಗೆಯೇ ಇಟ್ಟು ಅವಧಿ ಮಾತ್ರ ಎಳೆದರು. 9.5%ರಂತೆ ನಿಮ್ಮ ಬಾಕಿಗೆ ತಿಂಗಳ ಬಡ್ಡಿಯೇ 19,491 ರೂಪಾಯಿ. 20,911ರಲ್ಲಿ ಅಸಲಿಗೆ ಹೋಗುವುದು ಸಾವಿರದ ನಾನೂರ ಇಪ್ಪತ್ತು. ಹೀಗೆ ಸಾಲಗಾರನಿಗೆ ತಿಳಿಸದೆ ಅವಧಿ ಎಳೆಯಬಾರದು, ಕಂತು ಏರಿಸುವುದೋ ಅವಧಿ ಏರಿಸುವುದೋ ಅವನನ್ನೇ ಕೇಳಬೇಕು ಎಂದು 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. ಅದು ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅನ್ವಯ.

ನಾಳೆಯೇ ಹೋಗಿ. ಹೊಸ ಗಿರಾಕಿಗೆ ಇವತ್ತು ಯಾವ ದರಕ್ಕೆ ಕೊಡುತ್ತಿದ್ದೀರಿ, ನನಗೂ ಅದೇ ದರಕ್ಕೆ ಇಳಿಸಿ, ಇಲ್ಲವಾದರೆ ಸರ್ಕಾರಿ ಬ್ಯಾಂಕಿಗೆ ಸಾಲ ವರ್ಗಾಯಿಸುತ್ತೇನೆ ಎಂದು ಲಿಖಿತವಾಗಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ದರದ ಮನೆ ಸಾಲ ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ.

ಗಲ್ಲಾಪೆಟ್ಟಿಗೆ, 17 ಜೂನ್

ಹೋಗ್ತೀನಿ ಸರ್. ಒಂದು ಮಾತು ಮಾತ್ರ ಹೇಳ್ತೀನಿ. ಆ ಆರು ಕಂತು ಬಿಟ್ಟಿದ್ದು ದಡ್ಡತನ ಅಂತ ನನಗೀಗಲೂ ಅನ್ನಿಸ್ತಿಲ್ಲ. ಏಪ್ರಿಲ್‌ನಲ್ಲಿ ಅಂಗಡಿ ಪೂರ್ತಿ ಬಂದ್. ಇಬ್ಬರು ಹುಡುಗರಿದ್ರು, ಒಬ್ಬ ಹರಿಹರದೋನು, ಒಬ್ಬ ಜಗಳೂರಿನೋನು. ಕಂತಿನ 20,911ರಲ್ಲಿ ತಲಾ ಎಂಟು ಸಾವಿರ ಅವರ ಖಾತೆಗೆ ಹಾಕ್ದೆ, ಉಳಿದಿದ್ದು ಅಂಗಡಿ ಬಾಡಿಗೆಗೆ ಸೇರ್ತು. ಆರು ತಿಂಗಳೂ ಹಾಗೇ ನಡೀತು. ಹರಿಹರದೋನು ಇವತ್ತೂ ನನ್ ಹತ್ರಾನೇ ಇದಾನೆ.

ಧಾರವಾಡದ ಮಳಿ, 17 ಜೂನ್

ಇದನ್ನ ಮೊದಲ ಹೇಳಬೇಕಿತ್ತಲ್ರಿ! 2020ರ ಏಪ್ರಿಲ್-ಜೂನ್‌ದಾಗ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ನಾಲ್ಕರಾಗ ಒಂದು ಪಾಲಿನಷ್ಟು ಬಿದ್ದಿತ್ತು. ಅಂಗಡಿ ಮುಚ್ಚಿದಾಗ ಮಂದಿ ಕೈಯಾಗ ರೊಕ್ಕ ಉಳಿದ್ರೂ ಖರ್ಚು ಮಾಡಾಕ ಜಾಗಾ ಇರಲಿಲ್ಲ, ಹಂಗಾಗಿ ಮೊರಟೋರಿಯಂನಿಂದ ವ್ಯಾಪಾರ ಏಳಲಿಲ್ಲ ಅಂತ ನಾ ಕ್ಲಾಸಿನ್ಯಾಗ ಹೇಳ್ಕೋತ ಬಂದೀನಿ. ನಿಮ್ಮ ಇಬ್ಬರು ಹುಡುಗರು ನನ್ನ ಲೆಕ್ಕದಾಗ ಇರಲಿಲ್ಲ.

ಪಿಂಚಣಿ ಟೀಚರ್, 18 ಜೂನ್

ನಾನೂ ಒಂದು ನಿಜ ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ಠೇವಣಿ ಮುರಿದು ಮೂರು ಲಕ್ಷ ಮಗನ ಮನೆ ಸಾಲಕ್ಕೇ ಕಟ್ಟಿದೆ. ನನಗೆ ಏಳು ಕೊಡುವ ಬ್ಯಾಂಕೇ ಅವನಿಂದ ಒಂಬತ್ತು ತೆಗೆದುಕೊಳ್ಳುತ್ತಿತ್ತು, ಒಂದೇ ಮನೆಯಲ್ಲಿ. ಈಗ ಅವನು ತಿಂಗಳಿಗಿಷ್ಟು ಅಂತ ನನಗೇ ಕೊಡುತ್ತಾನೆ. ಸೊಸೆ ನೆನಪಿಸುತ್ತಾಳೆ, ಅದಕ್ಕೇ ತಪ್ಪುವುದಿಲ್ಲ.

ಗಲ್ಲಾಪೆಟ್ಟಿಗೆ, 9 ಜುಲೈ

ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ಸಲ ಹೋಗಿ ಬಂದೆ. ಮೊದಲನೇ ಸಲ "ಸಿಸ್ಟಂನಲ್ಲಿ ಬರಲ್ಲ ಸಾರ್" ಅಂದ್ರು. ಎರಡನೇ ಸಲ ಮೊಹರು ಹಾಕಿಸಿದ ಅರ್ಜಿ ಕೊಟ್ಟೆ. ಮೂರನೇ ಸಲ ಸರ್ಕಾರಿ ಬ್ಯಾಂಕಿನ ಒಪ್ಪಿಗೆ ಪತ್ರದ ಜೆರಾಕ್ಸ್ ಮೇಜಿನ ಮೇಲಿಟ್ಟೆ. ಸಿಸ್ಟಂನಲ್ಲಿ ಬಂತು! 8%ಗೆ ಇಳಿಸಿದ್ರು. ದರ ಬದಲಾವಣೆ ಶುಲ್ಕ ಬಾಕಿಯ ಅರ್ಧ ಪರ್ಸೆಂಟು, ಜಿಎಸ್‌ಟಿ ಸೇರಿ ಹದಿನಾಲ್ಕೂವರೆ ಸಾವಿರ. 341 ಕಂತಿದ್ದಿದ್ದು 231 ಆಯ್ತು. 110 ಕಂತು ಕಮ್ಮಿ, 23 ಲಕ್ಷ ರೂಪಾಯಿ. ಯಾವ ಮನ್ನಾನೂ ಇಲ್ಲ, ಒಂದು ಅರ್ಜಿ ಅಷ್ಟೇ. ಲೆಡ್ಜರ್ ಸರ್, ಕುಂದಾಪುರಕ್ಕೆ ಬಂದಾಗ ಕಾಲಿಗೆ ಬೀಳ್ತೀನಿ.

ಇನ್ನೊಂದು ಆಯ್ಕೆನೂ ಕೊಟ್ರು: ಅವಧಿ ಹಾಗೇ 341 ತಿಂಗಳು ಇರಲಿ, ಕಂತು 18,313ಕ್ಕೆ ಇಳಿಸ್ತೀವಿ, ತಿಂಗಳಿಗೆ 2,600 ಉಳಿಯುತ್ತೆ ಅಂತ.

ಹಳೇ ಲೆಡ್ಜರ್, 9 ಜುಲೈ

ಕಂತು ಇಳಿಸಿಕೊಳ್ಳಲಿಲ್ಲ ತಾನೇ?

ಧಾರವಾಡದ ಮಳಿ, 9 ಜುಲೈ

ಇಳಿಸ್ಕೋಬೇಕ್ರಿ! ಆ 2,600 ಊರಾಗ ಖರ್ಚಾಗಬೇಕು. ಎಲ್ಲಾರೂ ನಿಮ್ಮಂಗ ಅವಧಿ ಕಡಿಮಿ ಮಾಡ್ಕೊಂಡ್ರ ನಿಮ್ಮ ಅಂಗಡಿಗೆ ಯಾರು ಬರ್ತಾರ?

ಗಲ್ಲಾಪೆಟ್ಟಿಗೆ, 9 ಜುಲೈ

ಇಬ್ಬರ ಮಾತೂ ತಲೆಯಲ್ಲಿಟ್ಟುಕೊಂಡು ಕೌಂಟರ್ ಮುಂದೆ ಅರ್ಧ ಗಂಟೆ ಕೂತಿದ್ದೆ. ಕೊನೆಗೆ 231ಕ್ಕೆ ಸಹಿ ಹಾಕ್ದೆ. 71ಕ್ಕೆ ಕಂತು ಕಟ್ಟೋ ಶಕ್ತಿ ನನಗಿಲ್ಲ ಮಳಿ ಸರ್, ಊರಿನ ವ್ಯಾಪಾರ ಬೇರೆ ಯಾರಾದ್ರೂ ಎತ್ತಲಿ.

ಮನೆಗೆ ಬಂದು ಹೇಳಿದೆ. ನಮ್ಮನೆಯವಳು 231 ಅನ್ನೋದನ್ನ ಪೂರ್ತಿ ಕೇಳಿಸ್ಕೊಂಡು, ಆ 2,600ರ ವಿಷಯಾನೂ ಕೇಳಿಸ್ಕೊಂಡು, ಅಡುಗೆಮನೆ ಪರದೆ ಸರಿಸಿ ಸಾಂಬಾರ್ ಪುಡಿ ಡಬ್ಬ ತೆಗೆದ್ಲು. ಒಂದು ಮಾತೂ ಆಡಲಿಲ್ಲ. ಇವತ್ತು ಬೆಳಗ್ಗೆ ಹರಿಹರದ ಹುಡುಗನ ಕೈಲಿ ಗೋಡೌನಿಂದ ಎರಡು ಹಾಳೆ ವಾಟರ್‌ಪ್ರೂಫ್ ಪ್ಲೈ, ಹನ್ನೆರಡು ಹಿಂಜು ಮನೆಗೆ ಕಳಿಸಿದೀನಿ. ಬಡಗಿ ಸೋಮವಾರ ಬರ್ತೀನಿ ಅಂದಿದಾನೆ.

ಮಂಡ್ಯದ ಬೆಲ್ಲ, 9 ಜುಲೈ

ಯಾವ್ ಸೋಮವಾರ ಅಂತ ಕೇಳುದ್ರಾ ಅಣ್ಣ?